ಸೈಕ್ಲಿಂಗ್ ಶಾರ್ಟ್ಸ್

ಸೈಕ್ಲಿಂಗ್ ಶಾರ್ಟ್ಸ್ ಎಂಬುದು ಸೈಕಲ್ ಸವಾರರು ಬಹಳ ಹೊತ್ತು ಸೀಟಿನ ಮೇಲೆ ಕುಳಿತು ಪೆಡಲ್ ತುಳಿಯಲು ಅನುಕೂಲವಾಗುವಂತೆ ಹೊಲಿದ, ಹಿಗ್ಗುವ ಬಟ್ಟೆಯ, ಒಳಗೆ ಮೆತ್ತೆಯುಳ್ಳ ಚಡ್ಡಿ. ಸೀಟಿಗೂ ದೇಹಕ್ಕೂ ನಡುವಿನ ಒತ್ತಡವನ್ನು ಹಂಚುವುದು, ತೊಡೆಯ ಉಜ್ಜಾಟವನ್ನು ತಗ್ಗಿಸುವುದು, ಬೆವರನ್ನು ಚರ್ಮದಿಂದ ಹೊರಕ್ಕೆ ಸಾಗಿಸುವುದು ಇದರ ಮೂರು ಮುಖ್ಯ ಕೆಲಸಗಳು. ರಸ್ತೆ ಸ್ಪರ್ಧೆ, ದೂರದ ಸವಾರಿ, ಬೆಟ್ಟದ ಹಾದಿಯ ಸವಾರಿ ಮತ್ತು ದಿನನಿತ್ಯದ ಕಚೇರಿ ಪಯಣಗಳಲ್ಲಿ ಇದರ ಬೇರೆ ಬೇರೆ ರೂಪಗಳು ಬಳಕೆಯಲ್ಲಿವೆ.

ಪರಿಭಾಷೆ

ಚಡ್ಡಿಯ ಒಳಗಿನ ಮೆತ್ತೆಗೆ ಸವಾರರು ಸಾಮಾನ್ಯವಾಗಿ ಪ್ಯಾಡ್ ಎನ್ನುತ್ತಾರೆ. ಶಾಮಿ ಎಂಬ ಹೆಸರೂ ಇದೆ. ಮೊದಲು ಈ ಜಾಗದಲ್ಲಿ ಹೊಲಿಯುತ್ತಿದ್ದ ಮೃದು ತೊಗಲಿನ ಹೆಸರು ಇಂದಿನ ಕೃತಕ ಪ್ಯಾಡಿಗೂ ಉಳಿದುಕೊಂಡಿದೆ. ಭುಜದ ಮೇಲೆ ಹಾಯುವ ಪಟ್ಟಿಗಳಿರುವ ಚಡ್ಡಿಗೆ ಬಿಬ್ ಶಾರ್ಟ್ಸ್ ಅಥವಾ ಬಿಬ್ ಎಂದೂ, ಸೊಂಟದಲ್ಲಿ ಎಲಾಸ್ಟಿಕ್ ಇರುವುದಕ್ಕೆ ವೇಸ್ಟ್ ಶಾರ್ಟ್ಸ್ ಎಂದೂ ಹೆಸರು. ಬೇರೆ ಉಡುಪಿನ ಒಳಗೆ ತೊಡುವ, ತೆಳು ಜಾಲರಿ ಬಟ್ಟೆಯ ಪ್ಯಾಡ್ ಚಡ್ಡಿಯನ್ನು ಲೈನರ್ ಎನ್ನುತ್ತಾರೆ. ಶ್ರೋಣಿಯ ಕೆಳ ಅಂಚಿನಲ್ಲಿ ಎಡಬಲಕ್ಕೆ ಇರುವ, ಕುಳಿತಾಗ ಭಾರ ಹೊರುವ ಎರಡು ಉಬ್ಬುಗಳನ್ನು ಈ ಲೇಖನದಲ್ಲಿ ಕೂರುಮೂಳೆಗಳು ಎಂದು ಕರೆದಿದೆ.

ಉಗಮ ಮತ್ತು ಬೆಳವಣಿಗೆ

ಇಪ್ಪತ್ತನೆಯ ಶತಮಾನದ ಬಹುಭಾಗ ಸ್ಪರ್ಧಾ ಸವಾರರು ತೊಟ್ಟದ್ದು ಹೆಣೆದ ಉಣ್ಣೆಯ ಕಪ್ಪು ಚಡ್ಡಿ. ಉಣ್ಣೆ ಒದ್ದೆಯಾದರೂ ಮೈಯನ್ನು ಬೆಚ್ಚಗಿಡುತ್ತಿತ್ತು. ಆದರೆ ಬೆವರು, ಮಳೆ ಹೀರಿ ಭಾರವಾಗಿ ಜೋಲುತ್ತಿತ್ತು. ಅದನ್ನು ಮೇಲೆತ್ತಿ ಹಿಡಿಯಲು ಹಲವರು ಭುಜದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಕಪ್ಪು ಬಣ್ಣ ತೊಗಲಿನ ಸೀಟಿನ ಕಲೆಯನ್ನೂ ಚೈನಿನ ಜಿಡ್ಡನ್ನೂ ಮರೆಮಾಡುತ್ತಿತ್ತು.

ಉಣ್ಣೆಯ ಹೊಲಿಗೆಗಳು ತೊಡೆಸಂದಿಗೆ ಒತ್ತದಂತೆ ಒಳಗೆ ತೊಗಲಿನ ತುಂಡೊಂದನ್ನು ಹೊಲಿಯುವುದು ರೂಢಿಗೆ ಬಂತು. ಶಾಮೋಯ್ ಎಂಬುದು ಯುರೋಪಿನ ಪರ್ವತಗಳಲ್ಲಿ ವಾಸಿಸುವ, ಮೇಕೆಯ ಹತ್ತಿರದ ಪ್ರಾಣಿ. ಅದರ ಚರ್ಮವನ್ನು ಎಣ್ಣೆಯಲ್ಲಿ ಹದಮಾಡಿ ಪಡೆದ ಮೃದು ತೊಗಲೇ ಶಾಮಿ. ಮುಂದೆ ಕುರಿಯ ಚರ್ಮದಿಂದಲೂ ಅದೇ ಬಗೆಯ ತೊಗಲು ತಯಾರಾಯಿತು. ಚಡ್ಡಿಯೊಳಗಿನ ಈ ತುಂಡು ತೆಳ್ಳಗಿತ್ತು. ಮೆತ್ತಗಾಗಿಸುವುದಕ್ಕಿಂತ ಉಜ್ಜಾಟ ತಪ್ಪಿಸುವುದೇ ಅದರ ಉದ್ದೇಶವಾಗಿತ್ತು. ಒಗೆದು ಒಣಗಿಸಿದಾಗ ತೊಗಲು ಸೆಟೆದು ಗಟ್ಟಿಯಾಗುತ್ತಿದ್ದುದರಿಂದ ಪ್ರತಿ ಸವಾರಿಗೆ ಮುನ್ನ ಕೊಬ್ಬಿನಂಶದ ಮುಲಾಮು ಸವರಿ ಅದನ್ನು ಹದಕ್ಕೆ ತರಬೇಕಿತ್ತು. ಇಂದಿನ ಶಾಮಿ ಕ್ರೀಮಿನ ಮೂಲ ಇದೇ.

ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಸಾಯನ ವಿಜ್ಞಾನಿ ಜೋಸೆಫ್ ಶೈವರ್ಸ್ 1958ರಲ್ಲಿ ರೂಪಿಸಿದ ಸ್ಪ್ಯಾಂಡೆಕ್ಸ್ ನೂಲು ಈ ಉಡುಪಿನ ಸ್ವರೂಪವನ್ನು ಬದಲಿಸಿತು. ಲೈಕ್ರಾ ಎಂಬ ಮಾರಾಟ ಹೆಸರಿನಲ್ಲಿ ಪ್ರಸಿದ್ಧವಾದ ಇದು ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಒಳ ಉಡುಪು, ಈಜುಡುಗೆಗಳಲ್ಲಿ ಬಳಕೆಗೆ ಬಂದ ಮೇಲೆ, 1970ರ ದಶಕದ ಉತ್ತರಾರ್ಧದಲ್ಲಿ ಸ್ವಿಟ್ಜರ್ಲೆಂಡಿನ ಅಸೋಸ್, ಇಟಲಿಯ ಕಾಸ್ಟೆಲ್ಲಿ ಮೊದಲಾದ ತಯಾರಕರು ಇದನ್ನು ಸೈಕಲ್ ಚಡ್ಡಿಗೆ ತಂದರು. ಮೈಗಂಟುವ ಬಟ್ಟೆ ಗಾಳಿಯ ತಡೆಯನ್ನು ಕಡಿಮೆ ಮಾಡಿತು, ಬೇಗ ಒಣಗಿತು, ಜೋಲಲಿಲ್ಲ. 1980ರ ದಶಕದಲ್ಲಿ ತೊಗಲಿನ ಜಾಗಕ್ಕೆ ಕೃತಕ ಬಟ್ಟೆ ಮತ್ತು ಫೋಮಿನ ಪ್ಯಾಡ್ ಬಂತು. ಕಪ್ಪಿನ ಜೊತೆಗೆ ಬಣ್ಣದ ಚಡ್ಡಿಗಳೂ ಸ್ಪರ್ಧೆಗಳಲ್ಲಿ ಕಾಣಿಸಿಕೊಂಡವು. ನಂತರದ ದಶಕಗಳಲ್ಲಿ ಒಂದೇ ಪ್ಯಾಡಿನಲ್ಲಿ ಹಲವು ಸಾಂದ್ರತೆಯ ಫೋಮ್ ಜೋಡಿಸುವುದು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಆಕಾರ ಕೊಡುವುದು ಸಾಮಾನ್ಯವಾಯಿತು.

ದೇಹ ಮತ್ತು ಸೀಟಿನ ಸಂಬಂಧ

ಕುರ್ಚಿಯಲ್ಲಿ ಕುಳಿತಾಗ ದೇಹದ ಭಾರ ತೊಡೆ ಮತ್ತು ಪೃಷ್ಠದ ಮೇಲೆ ಅಗಲವಾಗಿ ಹರಡುತ್ತದೆ. ಸೈಕಲ್ ಸೀಟಿನ ಮೇಲೆ ಅದು ಅಂಗೈಯಗಲದ ಜಾಗಕ್ಕೆ ಸೀಮಿತವಾಗುತ್ತದೆ. ಬೆನ್ನು ನೆಟ್ಟಗಿದ್ದರೆ ಬಹುಪಾಲು ಭಾರ ಕೂರುಮೂಳೆಗಳ ಮೇಲೆ ಬೀಳುತ್ತದೆ. ಸವಾರ ಮುಂದಕ್ಕೆ ಬಾಗಿದಂತೆ ಶ್ರೋಣಿಯೂ ಮುಂದಕ್ಕೆ ಉರುಳಿ, ಭಾರ ಕೂರುಮೂಳೆಗಳಿಂದ ಸರಿದು ತೊಡೆಸಂದಿನ ನಡುಭಾಗದತ್ತ ಹೋಗುತ್ತದೆ. ಈ ಭಾಗದಲ್ಲಿ ಜನನಾಂಗಗಳಿಗೆ ಹೋಗುವ ನರ ಮತ್ತು ರಕ್ತನಾಳಗಳಿವೆ. ಒತ್ತಡ ಬಹಳ ಹೊತ್ತು ನಿಂತರೆ ಜೋಮು ಹಿಡಿಯುತ್ತದೆ. ಕೂರುಮೂಳೆಗಳ ನಡುವಿನ ಅಂತರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಸರಾಸರಿಯಲ್ಲಿ ಅದು ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು.

ಒತ್ತಡದಷ್ಟೇ ಮುಖ್ಯವಾದದ್ದು ಉಜ್ಜಾಟ. ನಿಮಿಷಕ್ಕೆ 80 ಸುತ್ತಿನಂತೆ ತುಳಿದರೆ ಗಂಟೆಗೆ 4,800 ಬಾರಿ ಪ್ರತಿಯೊಂದು ತೊಡೆಯೂ ಸೀಟಿನ ಪಕ್ಕ ಮೇಲೆ ಕೆಳಗೆ ಸರಿಯುತ್ತದೆ. ಹತ್ತು ಗಂಟೆಯ ಸವಾರಿಯಲ್ಲಿ ಇದು 48,000 ಆಗುತ್ತದೆ. ಬಟ್ಟೆ ಚರ್ಮದ ಮೇಲೆ ಜಾರಿದರೆ ಅಷ್ಟೂ ಬಾರಿ ಚರ್ಮ ಸವೆಯುತ್ತದೆ. ಬಟ್ಟೆ ಚರ್ಮಕ್ಕೆ ಅಂಟಿಕೊಂಡು ಅದರ ಜೊತೆಗೇ ಚಲಿಸಿದರೆ ಉಜ್ಜಾಟವು ಬಟ್ಟೆ ಮತ್ತು ಸೀಟಿನ ನಡುವೆ ನಡೆಯುತ್ತದೆ, ಚರ್ಮ ಉಳಿಯುತ್ತದೆ. ಸೈಕ್ಲಿಂಗ್ ಶಾರ್ಟ್ಸ್ ಬಿಗಿಯಾಗಿರುವುದಕ್ಕೆ ಮೂಲ ಕಾರಣ ಇದು. ಬೆವರಿನಿಂದ ನೆನೆದ ಚರ್ಮ ಒಣಚರ್ಮಕ್ಕಿಂತ ಬೇಗ ತರಚುವುದರಿಂದ ತೇವ ನಿರ್ವಹಣೆಯೂ ಇದೇ ಕೆಲಸದ ಭಾಗ.

ರಚನೆ

ಬಟ್ಟೆ: ಸಾಮಾನ್ಯವಾಗಿ ನೈಲಾನ್ ಅಥವಾ ಪಾಲಿಯೆಸ್ಟರ್ ನೂಲಿಗೆ ಸ್ಪ್ಯಾಂಡೆಕ್ಸ್ ಬೆರೆಸಿ ಹೆಣೆದಿರುತ್ತದೆ. ಸುಮಾರು ಶೇ. 80 ನೈಲಾನ್, ಶೇ. 20 ಸ್ಪ್ಯಾಂಡೆಕ್ಸ್ ಎಂಬುದು ಬಹಳವಾಗಿ ಕಾಣುವ ಮಿಶ್ರಣ. ನೈಲಾನ್ ಮೃದುವಾಗಿದ್ದು ಸವೆತವನ್ನು ತಡೆಯುತ್ತದೆ. ಪಾಲಿಯೆಸ್ಟರ್ ನೀರು ಕಡಿಮೆ ಹೀರುತ್ತದೆ, ಬಿಸಿಲಿಗೆ ಬಣ್ಣ ಕಳೆದುಕೊಳ್ಳುವುದು ಕಡಿಮೆ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಈ ಬಳಕೆಗೆ ಒಗ್ಗುವುದಿಲ್ಲ.

ತುಂಡುಗಳು ಮತ್ತು ಹೊಲಿಗೆ: ಚಡ್ಡಿಯನ್ನು ನಾಲ್ಕು, ಆರು ಅಥವಾ ಎಂಟು ತುಂಡುಗಳನ್ನು ಜೋಡಿಸಿ ಹೊಲಿಯುತ್ತಾರೆ. ತುಂಡುಗಳು ಹೆಚ್ಚಿದಂತೆ ಬಾಗಿದ ದೇಹದ ಆಕಾರಕ್ಕೆ ಬಟ್ಟೆಯನ್ನು ಹೊಂದಿಸಲು ಅವಕಾಶ ಹೆಚ್ಚು. ಹೊಲಿಗೆಗಳ ಸಂಖ್ಯೆಯೂ ಹೆಚ್ಚು. ತುಂಬ ಹಿಗ್ಗುವ ಬಟ್ಟೆಗಳು ಬಂದ ಮೇಲೆ ಕಡಿಮೆ ತುಂಡುಗಳಲ್ಲೇ ಒಳ್ಳೆಯ ಅಳತೆ ಸಾಧ್ಯವಾಗಿದೆ. ಹೊಲಿಗೆ ಉಬ್ಬದಂತೆ ಎರಡು ಅಂಚುಗಳನ್ನು ಒಂದರ ಪಕ್ಕ ಒಂದಿಟ್ಟು ಹಾಕುವ ಚಪ್ಪಟೆ ಹೊಲಿಗೆಯನ್ನು ಫ್ಲಾಟ್‌ಲಾಕ್ ಎನ್ನುತ್ತಾರೆ.

ಪ್ಯಾಡ್: ಇದರಲ್ಲಿ ಸಾಮಾನ್ಯವಾಗಿ ಮೂರು ಪದರಗಳಿವೆ. ಚರ್ಮಕ್ಕೆ ತಾಗುವ ಮೇಲ್ಪದರ ಮೃದುವಾದ, ಹಿಗ್ಗುವ ಬಟ್ಟೆ. ಇದರ ಮೇಲೆ ಸೂಕ್ಷ್ಮಾಣು ತಡೆಯುವ ಲೇಪನ ಇರಬಹುದು. ನಡುವಿನ ಪದರ ಪಾಲಿಯುರೆಥೇನ್ ಫೋಮ್. ಕೆಳಗಿನದು ಚಡ್ಡಿಯ ಬಟ್ಟೆಗೆ ಹೊಲಿಯುವ ಆಧಾರ ಪದರ. ಫೋಮಿನ ಗುಣವನ್ನು ದಪ್ಪ, ಸಾಂದ್ರತೆ ಎಂಬ ಎರಡು ಅಳತೆಗಳು ಹೇಳುತ್ತವೆ. ದಪ್ಪ ಕೆಲವು ಮಿಲಿಮೀಟರಿನಿಂದ ಸುಮಾರು 15 ಮಿ.ಮೀ. ವರೆಗೆ ಇರುತ್ತದೆ. ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ ಸುಮಾರು 60ರಿಂದ 120 ಕೆ.ಜಿ. ದಪ್ಪವಾಗಿದ್ದರೂ ಸಾಂದ್ರತೆ ಕಡಿಮೆಯಿರುವ ಫೋಮ್ ಅಂಗಡಿಯಲ್ಲಿ ಹಿತವೆನಿಸಿ, ಗಂಟೆಗಳ ಸವಾರಿಯಲ್ಲಿ ದೇಹದ ಭಾರಕ್ಕೆ ಪೂರ್ತಿ ಚಪ್ಪಟೆಯಾಗುತ್ತದೆ. ತೆಳುವಾದರೂ ಸಾಂದ್ರವಾದ ಫೋಮ್ ಭಾರವನ್ನು ಹೊತ್ತು ನಿಲ್ಲುತ್ತದೆ. ಹೀಗಾಗಿ ದಪ್ಪವನ್ನೇ ಗುಣಮಟ್ಟದ ಅಳತೆಯಾಗಿ ತೆಗೆದುಕೊಳ್ಳಲು ಬರುವುದಿಲ್ಲ. ಉತ್ತಮ ಪ್ಯಾಡುಗಳಲ್ಲಿ ಕೂರುಮೂಳೆಗಳ ಕೆಳಗೆ ಸಾಂದ್ರ ಫೋಮ್, ಅಂಚುಗಳಲ್ಲಿ ತೆಳು ಫೋಮ್, ನಡುವೆ ಉದ್ದಕ್ಕೆ ತಗ್ಗು ಇರುತ್ತವೆ. ಕೆಲವು ಪ್ಯಾಡುಗಳಲ್ಲಿ ಜೆಲ್ ತುಂಡುಗಳಿರುತ್ತವೆ. ಜೆಲ್ ಕಂಪನವನ್ನು ಹೀರುತ್ತದೆ, ಆದರೆ ಅದರ ಮೂಲಕ ಗಾಳಿ ಆಡುವುದಿಲ್ಲ.

ಕಾಲಿನ ಅಂಚು: ಚಡ್ಡಿ ಮೇಲಕ್ಕೆ ಸರಿಯದಂತೆ ತುದಿಯಲ್ಲಿ ಹಿಡಿಪಟ್ಟಿ ಇರುತ್ತದೆ. ಹಳೆಯ ಮಾದರಿಗಳಲ್ಲಿ ಕಿರಿದಾದ ಎಲಾಸ್ಟಿಕ್ ಇದ್ದು ತೊಡೆಗೆ ಗೀರು ಬೀಳುತ್ತಿತ್ತು. ಈಗ ಅಗಲವಾದ ಪಟ್ಟಿಯ ಒಳಮೈಗೆ ಸಿಲಿಕೋನ್ ಚುಕ್ಕೆಗಳನ್ನು ಅಂಟಿಸುವುದು ಸಾಮಾನ್ಯ. ಸಿಲಿಕೋನ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅವರಿಗೆ ಬಟ್ಟೆಯ ಹೆಣಿಗೆಯಿಂದಲೇ ಹಿಡಿತ ಪಡೆಯುವ ಪಟ್ಟಿಗಳಿವೆ.

ಭುಜಪಟ್ಟಿ: ಬಿಬ್‌ಗಳಲ್ಲಿ ಬೆನ್ನಿನ ಭಾಗ ಜಾಲರಿಯದ್ದಾಗಿರುತ್ತದೆ. ಪಟ್ಟಿಗಳು ಚಡ್ಡಿಯನ್ನು ಮೇಲಿನಿಂದ ಎತ್ತಿ ಹಿಡಿಯುವುದರಿಂದ ಹೊಟ್ಟೆಯ ಸುತ್ತ ಎಲಾಸ್ಟಿಕ್ಕಿನ ಬಿಗಿತ ಇರುವುದಿಲ್ಲ ಮತ್ತು ಪ್ಯಾಡ್ ತನ್ನ ಜಾಗ ಬಿಟ್ಟು ಕದಲುವುದಿಲ್ಲ.

ವಿಧಗಳು

ವೇಸ್ಟ್ ಶಾರ್ಟ್ಸ್: ತೊಡಲು, ಬಿಚ್ಚಲು ಸುಲಭ, ಶೌಚಕ್ಕೆ ಅನುಕೂಲ. ಮುಂದಕ್ಕೆ ಬಾಗಿದಾಗ ಸೊಂಟದ ಎಲಾಸ್ಟಿಕ್ ಒತ್ತಬಹುದು.

ಬಿಬ್ ಶಾರ್ಟ್ಸ್: ಸ್ಪರ್ಧೆ ಮತ್ತು ದೂರದ ಸವಾರಿಗಳಲ್ಲಿ ಹೆಚ್ಚು ಬಳಕೆ. ಹೆಂಗಸರ ಬಿಬ್‌ಗಳಲ್ಲಿ ಮೇಲಂಗಿ ತೆಗೆಯದೆಯೇ ಚಡ್ಡಿಯನ್ನು ಇಳಿಸಲು ಬೆನ್ನಿನಲ್ಲಿ ಜಿಪ್, ಕೊಂಡಿ ಅಥವಾ ತುಂಬ ಹಿಗ್ಗುವ ಪಟ್ಟಿಗಳನ್ನು ಅಳವಡಿಸುತ್ತಾರೆ. ತೊಡೆಯ ಪಕ್ಕದಲ್ಲಿ ಜಾಲರಿ ಜೇಬುಗಳಿರುವ ಕಾರ್ಗೋ ಬಿಬ್‌ಗಳು ಪ್ರವಾಸಿ ಸವಾರರಲ್ಲಿ ಜನಪ್ರಿಯ.

ಸಡಿಲ ಚಡ್ಡಿ: ಹೊರಗೆ ಗಟ್ಟಿ ಬಟ್ಟೆಯ, ಜೇಬುಗಳುಳ್ಳ ಸಾಮಾನ್ಯ ಚಡ್ಡಿ, ಒಳಗೆ ಬೇರ್ಪಡಿಸಬಹುದಾದ ಲೈನರ್. ಮೌಂಟನ್ ಬೈಕ್ ಸವಾರರಿಗೆ ರೂಪುಗೊಂಡ ಇದು ನಗರದ ಓಡಾಟಕ್ಕೂ ಒದಗುತ್ತದೆ.

ಲೈನರ್: ಪ್ಯಾಂಟ್, ಚೂಡಿದಾರ್ ಅಥವಾ ಸಾಮಾನ್ಯ ಚಡ್ಡಿಯ ಒಳಗೆ ತೊಡುವಂಥದು.

ಟೈಟ್ಸ್: ಕಾಲಿನ ಉದ್ದಕ್ಕೂ ಅಥವಾ ಮಂಡಿಯ ಕೆಳಗಿನವರೆಗೆ ಬರುವ ರೂಪ. ಚಳಿಗೆ ಒಳಮೈ ನವಿರಾದ ತುಪ್ಪಳದಂತಿರುವ ಬಟ್ಟೆ ಬಳಸುತ್ತಾರೆ. ಬಿಸಿಲಿನಿಂದ ಕಾಲನ್ನು ಮುಚ್ಚಲು ತೆಳು ಬಟ್ಟೆಯವೂ ಇವೆ.

ಟ್ರಯಥ್ಲಾನ್ ಚಡ್ಡಿ: ಈಜು, ಸೈಕಲ್, ಓಟ ಮೂರಕ್ಕೂ ಒಂದೇ ಉಡುಪು. ನೀರು ಹಿಡಿಯದಂತೆ, ಓಡುವಾಗ ಅಡ್ಡಿಯಾಗದಂತೆ ಪ್ಯಾಡ್ ಬಹಳ ತೆಳು.

ಆಯ್ಕೆಯ ಮಾನದಂಡಗಳು

ಸವಾರಿಯ ಭಂಗಿ: ಹ್ಯಾಂಡಲ್ ಎತ್ತರದಲ್ಲಿದ್ದು ಬೆನ್ನು ನೆಟ್ಟಗಿರುವ ಸೈಕಲ್ಲಿಗೆ ಹಿಂಭಾಗದಲ್ಲಿ ಅಗಲವಾದ ಪ್ಯಾಡ್ ಹೊಂದುತ್ತದೆ. ಬಾಗಿದ ಹ್ಯಾಂಡಲಿನ ರಸ್ತೆ ಸೈಕಲ್ಲಿಗೆ ಮುಂದಕ್ಕೂ ಚಾಚಿದ, ಕಿರಿದಾದ ಪ್ಯಾಡ್ ಬೇಕು. ಸಾಂದ್ರ ಫೋಮಿನ ಭಾಗಗಳು ಸವಾರರ ಕೂರುಮೂಳೆಗಳ ನೇರ ಕೆಳಗೆ ಬಾರದಿದ್ದರೆ ಎಷ್ಟೇ ಒಳ್ಳೆಯ ಪ್ಯಾಡೂ ಪ್ರಯೋಜನಕ್ಕೆ ಬರುವುದಿಲ್ಲ.

ಸೀಟು: ಸೀಟು ಮೆತ್ತಗಿದ್ದರೆ ಪ್ಯಾಡ್ ತೆಳುವಾಗಿರಬಹುದು. ಮೆತ್ತನೆಯ ಸೀಟಿನ ಮೇಲೆ ದಪ್ಪ ಪ್ಯಾಡ್ ಸೇರಿದರೆ ಕೂರುಮೂಳೆಗಳು ಒಳಕ್ಕೆ ಹೂತು, ನಡುಭಾಗ ಮೇಲೆದ್ದು ತೊಡೆಸಂದಿಗೆ ಒತ್ತುತ್ತದೆ. ಸೀಟಿನ ಅಗಲ, ಎತ್ತರ, ಓರೆ ಸರಿಯಿಲ್ಲದಿದ್ದಾಗ ಆಗುವ ನೋವನ್ನು ಚಡ್ಡಿ ಬದಲಿಸಿ ನಿವಾರಿಸಲಾಗುವುದಿಲ್ಲ. ಸೀಟು ಬಹಳ ಎತ್ತರವಿದ್ದರೆ ಸೊಂಟ ಎಡಬಲಕ್ಕೆ ಓಲಾಡಿ ಉಜ್ಜಾಟ ಹೆಚ್ಚುತ್ತದೆ.

ಅವಧಿ: ಒಂದು ಗಂಟೆಯೊಳಗಿನ ಸವಾರಿಗೆ ತೆಳು ಪ್ಯಾಡ್ ಅಥವಾ ಲೈನರ್ ಸಾಕಾಗುತ್ತದೆ. ಮೂರು ನಾಲ್ಕು ಗಂಟೆ ಮೀರಿದರೆ ಫೋಮಿನ ಸಾಂದ್ರತೆ, ಹೊಲಿಗೆಯ ನಯ, ಬಟ್ಟೆಯ ಬಿಗಿತಗಳ ವ್ಯತ್ಯಾಸ ಗೊತ್ತಾಗುತ್ತದೆ.

ಅಳತೆ: ಸೊಂಟ, ಪೃಷ್ಠ ಮತ್ತು ತೊಡೆಯ ಸುತ್ತಳತೆ ತೆಗೆದು ತಯಾರಕರ ಪಟ್ಟಿಗೆ ಹೋಲಿಸುವುದು ಕ್ರಮ. ಒಂದು ತಯಾರಕರ ಮೀಡಿಯಂ ಇನ್ನೊಬ್ಬರ ಲಾರ್ಜ್ ಆಗಿರಬಹುದು. ಸ್ಪರ್ಧೆಗಾಗಿ ಕತ್ತರಿಸಿದ ಮಾದರಿಗಳು ಸಾಮಾನ್ಯವಾಗಿ ಚಿಕ್ಕವು. ತೊಟ್ಟು ನೋಡುವಾಗ ನಿಂತ ಭಂಗಿಯ ಬದಲು ಸೈಕಲ್ ಮೇಲೆ ಬಾಗಿದ ಭಂಗಿಯಲ್ಲಿ ಪರೀಕ್ಷಿಸಬೇಕು. ಬಿಬ್‌ನ ಪಟ್ಟಿಗಳು ನಿಂತಾಗ ತುಸು ಎಳೆದಂತಿದ್ದು, ಬಾಗಿದಾಗ ಹಗುರಾಗುವುದು ಸರಿಯಾದ ಲಕ್ಷಣ. ಪ್ಯಾಡ್ ಎಲ್ಲೂ ನೆರಿಗೆ ಬೀಳದೆ ಮೈಗೆ ಹತ್ತಿಕೊಂಡಿರಬೇಕು. ಬಟ್ಟೆ ಚಿಟಿಕೆಗೆ ಸಡಿಲವಾಗಿ ಸಿಕ್ಕರೆ ಅಳತೆ ದೊಡ್ಡದು. ಹಿಡಿಪಟ್ಟಿ ತೊಡೆಯಲ್ಲಿ ಮಾಂಸವನ್ನು ಉಬ್ಬಿಸಿದರೆ ಚಿಕ್ಕದು.

ಹವಾಮಾನ: ಸೆಕೆಯ ಊರುಗಳಿಗೆ ಗಾಳಿಯಾಡುವ ರಂಧ್ರವುಳ್ಳ ಫೋಮ್, ತೆಳು ಬಟ್ಟೆ ಸೂಕ್ತ. ಕರಾವಳಿ, ಮಲೆನಾಡುಗಳಂಥ ಹೆಚ್ಚು ಮಳೆಯ ಪ್ರದೇಶಗಳಲ್ಲಿ ದಪ್ಪ ಪ್ಯಾಡ್ ರಾತ್ರಿ ಕಳೆದರೂ ಒಣಗದಿರುವುದರಿಂದ ಬೇಗ ಒಣಗುವ ಗುಣಕ್ಕೆ ಮಹತ್ವವಿದೆ.

ಬಳಕೆ

ದೂರದ ಸವಾರಿ: ಬ್ರೆವೆ ಎಂಬ ನಿಗದಿತ ಅವಧಿಯ ಸವಾರಿಗಳು ಈ ಉಡುಪಿಗೆ ಕಠಿಣ ಪರೀಕ್ಷೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300 ಕಿ.ಮೀ.ಗೆ 20, 400 ಕಿ.ಮೀ.ಗೆ 27, 600 ಕಿ.ಮೀ.ಗೆ 40 ಗಂಟೆ ಗಡುವು. ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ನಡೆಯುವ ಸುಮಾರು 1,200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯ ಗರಿಷ್ಠ ಗಡುವು 90 ಗಂಟೆ. ಭಾರತದಲ್ಲಿ ಆಡಾಕ್ಸ್ ಇಂಡಿಯಾ ರಾಂಡೊನರ್ಸ್ ಸಂಸ್ಥೆಯ ಆಶ್ರಯದಲ್ಲಿ ಬ್ರೆವೆಗಳು ನಡೆಯುತ್ತವೆ. ಬೆಂಗಳೂರು, ಮೈಸೂರುಗಳಿಂದಲೂ ಹೊರಡುತ್ತವೆ. ಇಂಥ ಸವಾರಿಗಳಲ್ಲಿ ಬಿಬ್ ಸಾಮಾನ್ಯ. ರಾತ್ರಿ ವಿಶ್ರಾಂತಿಯಲ್ಲಿ ಒದ್ದೆ ಚಡ್ಡಿಯನ್ನು ಬದಲಿಸುವುದು, ಆಗಾಗ ಸೀಟಿನಿಂದ ಎದ್ದು ನಿಂತು ತುಳಿಯುವುದು ಅನುಭವಿಗಳ ರೂಢಿ.

ಕಚೇರಿ ಪಯಣ: ದಿನಕ್ಕೆರಡು ಬಾರಿ ಕಡಿಮೆ ದೂರ, ನಡುವೆ ಉಡುಪು ಬದಲಾವಣೆ ಎಂಬುದು ಇದರ ಸ್ವರೂಪ. ಕಚೇರಿಯಲ್ಲಿ ಸ್ನಾನ, ಬಟ್ಟೆ ಬದಲಾವಣೆಗೆ ಅವಕಾಶವಿದ್ದರೆ ವೇಸ್ಟ್ ಶಾರ್ಟ್ಸ್, ಇಲ್ಲದಿದ್ದರೆ ಪ್ಯಾಂಟಿನೊಳಗೆ ಲೈನರ್ ಅಥವಾ ಸಡಿಲ ಚಡ್ಡಿ ಬಳಕೆಯಲ್ಲಿವೆ. ಬೆಳಗಿನ ಬೆವರಿನ ಚಡ್ಡಿಯನ್ನೇ ಸಂಜೆ ತೊಡುವುದು ಚರ್ಮದ ಸೋಂಕಿಗೆ ದಾರಿ. ಆದ್ದರಿಂದ ದುಬಾರಿಯಾದ ಒಂದಕ್ಕಿಂತ ಸಾಧಾರಣ ಬೆಲೆಯ ಎರಡು ಮೂರು ಚಡ್ಡಿಗಳು ಈ ಬಳಕೆಗೆ ಹೆಚ್ಚು ಉಪಯುಕ್ತ. ಅಗಲವಾದ ಸ್ಪ್ರಿಂಗ್ ಸೀಟಿನ, ಎತ್ತರದ ಹ್ಯಾಂಡಲಿನ ಸಾಂಪ್ರದಾಯಿಕ ಭಾರತೀಯ ಸೈಕಲ್ಲಿನಲ್ಲಿ ಭಾರವನ್ನು ಹಂಚುವ ಕೆಲಸವನ್ನು ಸೀಟೇ ಮಾಡುತ್ತದೆ. ಪಂಚೆ, ಪ್ಯಾಂಟು, ಸೀರೆ ಉಟ್ಟೇ ಅದನ್ನು ತುಳಿಯುವ ರೂಢಿ ಉಳಿದಿದೆ.

ಸ್ಪರ್ಧೆ: ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ರಸ್ತೆ ಸ್ಪರ್ಧಿಗಳು ತೋಳಿರುವ ಜೆರ್ಸಿಯನ್ನೂ ಮಂಡಿಗಿಂತ ಮೇಲೆ ನಿಲ್ಲುವ ಚಡ್ಡಿಯನ್ನೂ ತೊಡಬೇಕು. ಎರಡೂ ಕೂಡಿದ ಒಂದೇ ಉಡುಪಿಗೂ ಅವಕಾಶವಿದೆ.

ತೊಡುವ ಕ್ರಮ ಮತ್ತು ನಿರ್ವಹಣೆ

ಸೈಕ್ಲಿಂಗ್ ಶಾರ್ಟ್ಸನ್ನು ಒಳ ಉಡುಪಿಲ್ಲದೆ ನೇರವಾಗಿ ಮೈಗೆ ತೊಡಬೇಕು. ಒಳ ಉಡುಪಿನ ಹೊಲಿಗೆ ತೊಡೆಸಂದಿಗೆ ಒತ್ತುತ್ತದೆ, ಅದರ ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪ್ಯಾಡ್ ಮತ್ತು ಚರ್ಮದ ನಡುವೆ ಹೊಸದೊಂದು ಉಜ್ಜಾಟ ಹುಟ್ಟುತ್ತದೆ. ದೂರದ ಸವಾರಿಗೆ ಮುನ್ನ ಶಾಮಿ ಕ್ರೀಮನ್ನು ತೊಡೆಸಂದಿಗೆ ಅಥವಾ ಪ್ಯಾಡಿನ ಮೇಲ್ಮೈಗೆ ಸವರುತ್ತಾರೆ. ಈಗ ಅದರ ಮುಖ್ಯ ಕೆಲಸ ಉಜ್ಜಾಟ ತಗ್ಗಿಸುವುದು. ಅಲ್ಪ ದೂರಕ್ಕೆ ಅದರ ಅಗತ್ಯವಿಲ್ಲ.

ಪ್ರತಿ ಸವಾರಿಯ ನಂತರ ಚಡ್ಡಿಯನ್ನು ಒಗೆಯಬೇಕು. ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಸೌಮ್ಯ ಸೋಪಿನಿಂದ ಒಗೆದು, ಹಿಂಡದೆ ಒತ್ತಿ ನೀರು ತೆಗೆದು, ಪ್ಯಾಡ್ ಮೇಲೆ ಬರುವಂತೆ ಗಾಳಿಯಾಡುವ ನೆರಳಿನಲ್ಲಿ ಹರಡುತ್ತಾರೆ. ಬಿಸಿನೀರು, ಇಸ್ತ್ರಿ, ಡ್ರೈಯರ್ ಮತ್ತು ಬ್ಲೀಚ್ ಸ್ಪ್ಯಾಂಡೆಕ್ಸ್ ನೂಲನ್ನು ಕೆಡಿಸುತ್ತವೆ. ಬಟ್ಟೆ ಮೃದುಗೊಳಿಸುವ ದ್ರಾವಣ ನೂಲಿನ ಮೇಲೆ ಪದರ ಕಟ್ಟಿ ಬೆವರು ಹರಿಯದಂತೆ ಮಾಡುತ್ತದೆ. ಒತ್ತಿದ ಫೋಮ್ ಮತ್ತೆ ಉಬ್ಬದಿರುವುದು, ಹಿಂಭಾಗದ ಬಟ್ಟೆ ತೆಳುವಾಗಿ ಮೈ ಕಾಣುವುದು, ಹಿಡಿಪಟ್ಟಿ ಸಡಿಲವಾಗುವುದು ಚಡ್ಡಿಯ ಆಯುಷ್ಯ ಮುಗಿದುದರ ಗುರುತು.

ಆರೋಗ್ಯದ ಅಂಶಗಳು

ಸೀಟು ಹುಣ್ಣು ಎಂಬುದು ತರಚು, ಕೂದಲ ಬುಡದ ಸೋಂಕು, ಕುರು ಮತ್ತು ಚರ್ಮದಡಿಯ ಗಂಟುಗಳಿಗೆ ಒಟ್ಟಾಗಿ ಹೇಳುವ ಮಾತು. ತರಚಿದ ಚರ್ಮಕ್ಕೆ ಸೂಕ್ಷ್ಮಾಣುಗಳು ಸೇರಿ ಸಾಮಾನ್ಯವಾಗಿ ಇದು ಬೆಳೆಯುತ್ತದೆ. ವೃತ್ತಿಪರ ಸವಾರರೂ ಇದರಿಂದ ಹೊರತಲ್ಲ. 1955ರಲ್ಲಿ ಸತತ ಮೂರನೆಯ ಟೂರ್ ಡಿ ಫ್ರಾನ್ಸ್ ಗೆದ್ದ ಲೂಯಿಸಾನ್ ಬೋಬೆ ಆ ಸ್ಪರ್ಧೆಯಲ್ಲಿ ಈ ನೋವು ಅನುಭವಿಸಿ, ಮುಂದೆ ಶಸ್ತ್ರಚಿಕಿತ್ಸೆಗೆ ಒಳಗಾದರು. ಎಡ್ಡಿ ಮರ್ಕ್ಸ್ 1974ರಲ್ಲಿ ಟೂರ್ ಆರಂಭಕ್ಕೆ ಕೆಲವೇ ದಿನ ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಗಾಯ ಮಾಯುವ ಮುನ್ನವೇ ಸ್ಪರ್ಧಿಸಿ ಗೆದ್ದರು. ಐರ್ಲೆಂಡಿನ ಶಾನ್ ಕೆಲ್ಲಿ 1987ರ ಟೂರ್ ಆಫ್ ಸ್ಪೇನ್ ಸ್ಪರ್ಧೆಯಲ್ಲಿ ಮುನ್ನಡೆಯಲ್ಲಿದ್ದಾಗಲೇ, ಮುಕ್ತಾಯಕ್ಕೆ ಕೆಲವೇ ದಿನ ಉಳಿದಿರುವಂತೆ, ಇದೇ ಕಾರಣಕ್ಕೆ ಹಿಂದೆ ಸರಿಯಬೇಕಾಯಿತು.

ಸವಾರಿ ಮುಗಿದೊಡನೆ ಒದ್ದೆ ಚಡ್ಡಿ ಬಿಚ್ಚುವುದು, ತೊಳೆದು ಒಣಗಿಸಿಕೊಳ್ಳುವುದು, ಗಾಯ ಮಾಯುವವರೆಗೆ ಸವಾರಿ ನಿಲ್ಲಿಸುವುದು ಮುಖ್ಯ ಮುನ್ನೆಚ್ಚರಿಕೆಗಳು. ಕುರು ದೊಡ್ಡದಾದರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಬೇಕು.

ಜೋಮು ಬೇರೆಯೇ ಸಮಸ್ಯೆ. ಅದು ನರ ಮತ್ತು ರಕ್ತನಾಳಗಳ ಮೇಲಿನ ಒತ್ತಡದ ಸೂಚನೆ. ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರನ್ನು ಕುರಿತು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ಮೂತಿಯಿಲ್ಲದ ಸೀಟು ಬಳಸಿದ ಮೇಲೆ ಜೋಮು ಕಡಿಮೆಯಾದುದು ಕಂಡುಬಂತು. ಜೋಮು ಮರುಕಳಿಸುವಾಗ ಮೊದಲು ಪರಿಶೀಲಿಸಬೇಕಾದದ್ದು ಸೀಟು ಮತ್ತು ಭಂಗಿ ಎಂಬುದನ್ನು ಇದು ಸೂಚಿಸುತ್ತದೆ.

ಇಂದಿನ ಸ್ಥಿತಿ

ಸೈಕ್ಲಿಂಗ್ ಶಾರ್ಟ್ಸ್ ಇಂದು ಸ್ಪರ್ಧಿಗಳ ಉಡುಪಾಗಿ ಮಾತ್ರ ಉಳಿದಿಲ್ಲ. ಪ್ಯಾಡ್ ತಯಾರಿಕೆ ಪ್ರತ್ಯೇಕ ಉದ್ಯಮವಾಗಿದ್ದು, ಇಟಲಿಯ ಎಲಾಸ್ಟಿಕ್ ಇಂಟರ್‌ಫೇಸ್‌ನಂಥ ತಯಾರಕರು ಹಲವು ಬ್ರಾಂಡುಗಳಿಗೆ ಪ್ಯಾಡ್ ಒದಗಿಸುತ್ತಾರೆ; ಹೀಗಾಗಿ ಬೆಲೆಯಲ್ಲಿ ಬಹಳ ಅಂತರವಿರುವ ಚಡ್ಡಿಗಳಲ್ಲಿ ಒಂದೇ ಮೂಲದ ಪ್ಯಾಡ್ ಇರುವುದುಂಟು. ಭಾರತದಲ್ಲಿ ಡೆಕಾಥ್ಲಾನ್‌ನಂಥ ಮಳಿಗೆಗಳು, ಸೈಕಲ್ ಅಂಗಡಿಗಳು ಮತ್ತು ದೇಶೀಯ ತಯಾರಕರ ಮೂಲಕ ಎಲ್ಲ ವಿಧಗಳೂ ದೊರೆಯುತ್ತವೆ. ಸೈಕ್ಲಿಂಗ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಇದು ತರಬೇತಿಯ ನಿತ್ಯ ಉಡುಪು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಪ್ರವಾಸ, ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗುವ ವಾರಾಂತ್ಯದ ಸವಾರಿಗಳು ಹವ್ಯಾಸಿಗಳಲ್ಲೂ ಇದರ ಬಳಕೆಯನ್ನು ಹರಡಿವೆ. ಮೈಗಂಟುವ ಉಡುಪಿನಲ್ಲಿ ಊರೊಳಗೆ ಓಡಾಡಲು ಹಿಂಜರಿಯುವವರಲ್ಲಿ ಲೈನರ್ ಮತ್ತು ಸಡಿಲ ಚಡ್ಡಿಗಳಿಗೆ ಬೇಡಿಕೆ ಇದೆ.

ಮರುಬಳಕೆಯ ನೈಲಾನಿನಿಂದ ಹೆಣೆದ ಬಟ್ಟೆಗಳು ಮಾರುಕಟ್ಟೆಗೆ ಬಂದಿವೆ. ಆದರೆ ನೈಲಾನ್, ಸ್ಪ್ಯಾಂಡೆಕ್ಸ್, ಫೋಮ್, ಸಿಲಿಕೋನ್‌ಗಳು ಒಂದಕ್ಕೊಂದು ಬೆಸೆದಿರುವುದರಿಂದ ಹಳೆಯ ಚಡ್ಡಿಯನ್ನು ಬಿಡಿಸಿ ಮರುಬಳಕೆ ಮಾಡುವುದು ಈಗಲೂ ಕಷ್ಟ. ಬಿಚ್ಚಿದ ಹೊಲಿಗೆಯನ್ನು ಹಿಗ್ಗುವ ನೂಲಿನಿಂದ ಮತ್ತೆ ಹಾಕಿಸುವುದು, ಸರಿಯಾದ ಒಗೆತ ಮತ್ತು ಹಲವು ಚಡ್ಡಿಗಳ ಸರದಿ ಬಳಕೆ ಇವೇ ಸದ್ಯಕ್ಕೆ ಅದರ ಆಯುಷ್ಯವನ್ನು ಹೆಚ್ಚಿಸುವ ಪರಿಣಾಮಕಾರಿ ಮಾರ್ಗಗಳು.